ಯಹೂದಿ ದ್ವೇಷದ ಆರೋಪ ಮತ್ತು ಪಾಠ ಹೇಳುವ ಸ್ವಾತಂತ್ರ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲವು ವರ್ಷ ನಾನು ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದೆ. ಓದುತ್ತಲೇ ಪದವಿ ತರಗತಿಯ ಹುಡುಗರಿಗೆ ಪಾಠವನ್ನೂ ಹೇಳಿದೆ. ಊರಿಗೆ ಬಂದ ಮೇಲೆ, ಅದರಲ್ಲೂ ಇಸ್ರೇಲ್ ಮೇಲೆ ಹಮಾಸ್ ದಾಳಿ, ಆಮೇಲೆ ಗಾಜಾ ಯುದ್ಧ ಶುರುವಾದ 2023ರ ಅಕ್ಟೋಬರ್ ನಂತರ, ಅಲ್ಲಿಗೆ ಓದಲು ಹೊರಟವರು ಮತ್ತು ಅವರ ಅಪ್ಪ ಅಮ್ಮಂದಿರು ಕೇಳುವುದು ಹೆಚ್ಚು ಕಮ್ಮಿ ಇವೇ ಪ್ರಶ್ನೆಗಳು. ಪ್ರತಿ ಸಲ ಫೋನಿನಲ್ಲಿ ಅರ್ಧಂಬರ್ಧ ಹೇಳುವ ಬದಲು ಒಂದು ಕಡೆ ಬರೆದಿಡೋಣ ಅನ್ನಿಸಿತು.

ಆಂಟಿಸೆಮಿಟಿಸಂ ಅಂದರೆ ಏನು? ಕನ್ನಡದಲ್ಲಿ ಅದಕ್ಕೆ ಪದ ಇದೆಯಾ?

ಯಹೂದಿ ದ್ವೇಷ. ಅಷ್ಟು ಹೇಳಿದರೆ ಸಾಕು. ಆಂಟಿಸೆಮಿಟಿಸಂ ಎಂಬ ಪದವನ್ನು ಬಳಕೆಗೆ ತಂದದ್ದು ಜರ್ಮನಿಯ ವಿಲ್ಹೆಲ್ಮ್ ಮಾರ್, 1879ರಲ್ಲಿ. ಅವನೇ ಯಹೂದಿಗಳ ವಿರೋಧಿ. ತನ್ನ ದ್ವೇಷಕ್ಕೆ ವಿಜ್ಞಾನದ ಬಣ್ಣ ಹಚ್ಚಲು ಆ ಪದ ಬೇಕಾಗಿತ್ತು. ಅರಬರ ಭಾಷೆಯೂ ಯಹೂದಿಗಳ ಹೀಬ್ರೂ ಹಾಗೆ ಸೆಮಿಟಿಕ್ ಭಾಷಾ ಕುಟುಂಬದ್ದೇ ಅಲ್ವಾ, ಅವರು ಹೇಗೆ ಆಂಟಿಸೆಮಿಟಿಕ್ ಆಗುತ್ತಾರೆ ಎಂದು ಕೆಲವರು ವಾದಿಸುತ್ತಾರೆ. ಆ ವಾದದಲ್ಲಿ ಹುರುಳಿಲ್ಲ. ಪದ ಹುಟ್ಟಿದ ದಿನದಿಂದ ಅದರ ಗುರಿ ಯಹೂದಿಗಳು ಮಾತ್ರ.

ಈ ದ್ವೇಷಕ್ಕೆ ತನ್ನದೇ ಒಂದು ಚಹರೆ ಇದೆ. ಯಹೂದಿಗಳು ಕೀಳು ಎನ್ನುವುದಕ್ಕಿಂತ ಜಾಸ್ತಿ, ಯಹೂದಿಗಳು ತೆರೆಮರೆಯಲ್ಲಿ ಕೂತು ಬ್ಯಾಂಕು, ಪತ್ರಿಕೆ, ಸರ್ಕಾರ ಎಲ್ಲವನ್ನೂ ಆಡಿಸುತ್ತಾರೆ ಎನ್ನುತ್ತದೆ. ಒಬ್ಬ ಯಹೂದಿ ಮಾಡಿದ್ದಕ್ಕೆ ಎಲ್ಲ ಯಹೂದಿಗಳನ್ನೂ ಹೊಣೆ ಮಾಡುತ್ತದೆ.

ನಮ್ಮ ಕಡೆ ಇದಕ್ಕೆ ಹಳೆಯ ಪದವಿಲ್ಲ, ಯಾಕೆಂದರೆ ಬೇಕಾಗಲಿಲ್ಲ. ಹನ್ನೆರಡನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಟ್ಯುನೀಶಿಯಾ ಕಡೆಯಿಂದ ಬಂದು ಮಂಗಳೂರಿನಲ್ಲಿ ವರ್ಷಗಟ್ಟಲೆ ನೆಲೆಸಿದ್ದ. ಮೆಣಸು, ಅಡಿಕೆ, ಹಿತ್ತಾಳೆ ಪಾತ್ರೆಗಳ ಲೆಕ್ಕವಿರುವ ಅವನ ಕಾಗದಗಳು ಕೈರೋದ ಹಳೆಯ ಯಹೂದಿ ಪ್ರಾರ್ಥನಾ ಮಂದಿರದಲ್ಲಿ ಸಿಕ್ಕಿವೆ. ಅಂಥ ನೆಲದಿಂದ ಹೋಗುವ ನಮ್ಮ ಹುಡುಗರಿಗೆ ಈ ದ್ವೇಷದ ಗುರುತು ಸುಲಭವಾಗಿ ಸಿಗುವುದಿಲ್ಲ. ಅದಕ್ಕೇ ಇಷ್ಟು ಹೇಳಿದೆ.

ಪಾಠ ಹೇಳುವ ಸ್ವಾತಂತ್ರ್ಯ ಅಂದರೆ ಮೇಷ್ಟ್ರು ಬಾಯಿಗೆ ಬಂದದ್ದು ಹೇಳಬಹುದು ಅಂತಾನಾ?

ಅಲ್ಲ. ಮಾತನಾಡುವ ಸ್ವಾತಂತ್ರ್ಯ ಎಲ್ಲ ಪ್ರಜೆಗಳಿಗೂ ಇದೆ. ಪಾಠ ಹೇಳುವ ಸ್ವಾತಂತ್ರ್ಯ ಒಂದು ಕಸುಬಿಗೆ ಸೇರಿದ್ದು. ತನ್ನ ವಿಷಯದಲ್ಲಿ ಏನು ಓದಿಸಬೇಕು, ಹೇಗೆ ಓದಿಸಬೇಕು ಎಂಬುದನ್ನು ಆ ವಿಷಯ ಬಲ್ಲವರು ತೀರ್ಮಾನಿಸಬೇಕು. ಮಂತ್ರಿಯೋ, ದುಡ್ಡು ಕೊಟ್ಟ ದಾನಿಯೋ, ಆಡಳಿತ ಮಂಡಳಿಯೋ ಅಲ್ಲ. ಇದು ಅದರ ತಿರುಳು.

ಅಮೆರಿಕದಲ್ಲಿ ಪ್ರಾಧ್ಯಾಪಕರ ಸಂಘ 1915ರಲ್ಲಿ ಇದನ್ನು ಮೊದಲು ಬರೆದಿಟ್ಟಿತು. 1940ರಲ್ಲಿ ಕಾಲೇಜುಗಳ ಒಕ್ಕೂಟದ ಜೊತೆ ಸೇರಿ ಮತ್ತೊಂದು ಹೇಳಿಕೆ ತಂದಿತು. ಆ ಹೇಳಿಕೆಯಲ್ಲೇ ಒಂದು ಕಟ್ಟೂ ಇದೆ: ಪಾಠಕ್ಕೆ ಸಂಬಂಧವಿಲ್ಲದ ವಿವಾದದ ವಿಷಯವನ್ನು ತರಗತಿಗೆ ಎಳೆದು ತರಬಾರದು. ಜನ ಇದನ್ನು ತಪ್ಪಾಗಿ ಓದುತ್ತಿದ್ದರು. ಆದ್ದರಿಂದ 1970ರಲ್ಲಿ ಸ್ಪಷ್ಟ ಮಾಡಿದರು. ವಿವಾದವೇ ಬೇಡ ಎಂದು ಅರ್ಥವಲ್ಲ, ಸಂಬಂಧವಿಲ್ಲದ್ದನ್ನು ಪದೇ ಪದೇ ತರಬೇಡಿ ಎಂದಷ್ಟೇ ಅರ್ಥ. ಗಣಿತದ ತರಗತಿಯಲ್ಲಿ ಗಾಜಾ ಬಗ್ಗೆ ಭಾಷಣ ಮಾಡುವುದು ಬೇರೆ. ಪಶ್ಚಿಮ ಏಷ್ಯಾದ ಇತಿಹಾಸದ ತರಗತಿಯಲ್ಲಿ ಅದನ್ನು ಬಿಟ್ಟು ಪಾಠ ಮಾಡುವುದಾದರೂ ಹೇಗೆ?

ಬ್ರಿಟನ್‌ನಲ್ಲಿ 1988ರ ಶಿಕ್ಷಣ ಸುಧಾರಣಾ ಕಾಯ್ದೆಯಲ್ಲಿ ಈ ರಕ್ಷಣೆ ಬಂತು. ಕೆಲಸ ಹೋಗುವ ಭಯವಿಲ್ಲದೆ ಹೊಸ ವಿಚಾರ, ಜನಕ್ಕೆ ಹಿಡಿಸದ ವಿಚಾರ ಮಂಡಿಸಲು ಅಧ್ಯಾಪಕರಿಗೆ ಅವಕಾಶ ಇರಬೇಕು ಎನ್ನುತ್ತದೆ ಅದು. ಕಾನೂನಿನ ಮಿತಿಯೊಳಗೆ, ಅಷ್ಟೆ.

ಈ ಎರಡು ವಿಷಯಗಳನ್ನು ಯಾಕೆ ಒಟ್ಟಿಗೆ ನೋಡಬೇಕು?

ಇದಕ್ಕೆ ಉತ್ತರ ಬೆಂಗಳೂರಿನಲ್ಲೇ ಇದೆ.

1933ರ ಏಪ್ರಿಲ್ 7ರಂದು ಹಿಟ್ಲರನ ಸರ್ಕಾರ ಸರ್ಕಾರಿ ನೌಕರಿಯ ಬಗ್ಗೆ ಒಂದು ಕಾನೂನು ತಂದಿತು. ಜರ್ಮನಿಯಲ್ಲಿ ಪ್ರಾಧ್ಯಾಪಕರೂ ಸರ್ಕಾರಿ ನೌಕರರೇ. ಯಹೂದಿ ಮೂಲದವರು ಒಂದೇ ಏಟಿಗೆ ಕೆಲಸ ಕಳೆದುಕೊಳ್ಳತೊಡಗಿದರು. ಗಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಕ್ವಾಂಟಂ ವಿಜ್ಞಾನ ಕಟ್ಟಿದ ಮ್ಯಾಕ್ಸ್ ಬಾರ್ನ್ ಹೊರಬಿದ್ದರು. ಜೇಮ್ಸ್ ಫ್ರಾಂಕ್ ಮೊದಲ ಮಹಾಯುದ್ಧದಲ್ಲಿ ಹೋರಾಡಿದ್ದವರಾದ್ದರಿಂದ ಅವರಿಗೆ ವಿನಾಯಿತಿ ಇತ್ತು. ಆದರೂ ಅವರು ಪ್ರತಿಭಟಿಸಿ ತಾವೇ ರಾಜೀನಾಮೆ ಕೊಟ್ಟರು.

ಆಗ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ಗೆ, ಅಂದರೆ ಇವತ್ತಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಸಿ.ವಿ. ರಾಮನ್ ನಿರ್ದೇಶಕರು. ಅವರು ಬಾರ್ನ್ ಅವರನ್ನು ಕರೆಸಿಕೊಂಡರು. 1935ರ ಕೊನೆಯಿಂದ 1936ರ ಮೊದಲ ತಿಂಗಳುಗಳವರೆಗೆ ಬಾರ್ನ್ ದಂಪತಿ ಬೆಂಗಳೂರಿನಲ್ಲಿದ್ದರು. ಅವರನ್ನು ಕಾಯಂ ಮಾಡಿಕೊಳ್ಳಬೇಕೆಂದು ರಾಮನ್ ಆಸೆಪಟ್ಟರು. ಅಧ್ಯಾಪಕರ ಸಭೆಯಲ್ಲಿ ಒಬ್ಬ ಇಂಗ್ಲಿಷ್ ಪ್ರೊಫೆಸರ್ ಎದ್ದು ನಿಂತು, ತನ್ನ ದೇಶದಿಂದಲೇ ಓಡಿಸಲ್ಪಟ್ಟ ಎರಡನೇ ದರ್ಜೆಯ ವಿದೇಶಿ ನಮಗೆ ಬೇಡ ಎಂಬರ್ಥದಲ್ಲಿ ಮಾತಾಡಿದ. ಬಾರ್ನ್ ಅಲ್ಲೇ ಕೂತಿದ್ದರು. ಮನೆಗೆ ಹೋಗಿ ಹೆಂಡತಿಯ ಮುಂದೆ ಅತ್ತೆ ಎಂದು ಮುಂದೆ ಅವರೇ ಬರೆದುಕೊಂಡಿದ್ದಾರೆ. ಕೆಲಸ ಸಿಗಲಿಲ್ಲ. ಎಡಿನ್‌ಬರೋಗೆ ಹೋದರು. 1954ರಲ್ಲಿ ನೊಬೆಲ್ ಬಂತು.

ಸಂಸ್ಥೆಯ ಆವರಣದ ಆ ಮರಗಳ ಕೆಳಗೆ ನಡೆಯುವಾಗೆಲ್ಲ ನನಗೆ ಈ ಕಥೆ ನೆನಪಾಗುತ್ತದೆ. ಯಾರು ಪಾಠ ಹೇಳಬೇಕೆಂದು ಸರ್ಕಾರ ಪಟ್ಟಿ ಮಾಡಿದಾಗ ಮೊದಲು ಬಲಿಯಾದವರಲ್ಲಿ ಯಹೂದಿ ಪ್ರಾಧ್ಯಾಪಕರಿದ್ದರು. ಆದ್ದರಿಂದ ಯಹೂದಿಗಳ ರಕ್ಷಣೆ ಮತ್ತು ವಿಶ್ವವಿದ್ಯಾಲಯದ ಸ್ವಾತಂತ್ರ್ಯ ಒಂದಕ್ಕೊಂದು ಶತ್ರು ಎಂಬಂತೆ ಯಾರಾದರೂ ಮಾತಾಡಿದರೆ ನಾನು ಒಪ್ಪುವುದಿಲ್ಲ.

ಎಲ್ಲರೂ ಐಎಚ್‌ಆರ್‌ಎ ವ್ಯಾಖ್ಯೆ ಅನ್ನುತ್ತಾರಲ್ಲ, ಅದೇನು? ಅದರ ಬಗ್ಗೆ ಜಗಳ ಯಾಕೆ?

ಐಎಚ್‌ಆರ್‌ಎ ಅಂದರೆ ಇಂಟರ್‌ನ್ಯಾಷನಲ್ ಹೋಲೊಕಾಸ್ಟ್ ರಿಮೆಂಬ್ರೆನ್ಸ್ ಅಲಯನ್ಸ್. ನಾಜಿಗಳು ಲಕ್ಷಗಟ್ಟಲೆ ಯಹೂದಿಗಳನ್ನು ಕೊಂದ ಹತ್ಯಾಕಾಂಡದ (ಹೋಲೊಕಾಸ್ಟ್) ನೆನಪನ್ನು ಉಳಿಸಲೆಂದು ಹಲವು ದೇಶಗಳು ಸೇರಿ ಕಟ್ಟಿಕೊಂಡ ಒಕ್ಕೂಟ ಅದು. 2016ರ ಮೇ 26ರಂದು ಬುಕಾರೆಸ್ಟ್‌ನಲ್ಲಿ ಯಹೂದಿ ದ್ವೇಷಕ್ಕೆ ಒಂದು ‘ಕೆಲಸಕ್ಕೆಂದು ಇಟ್ಟುಕೊಂಡ ವ್ಯಾಖ್ಯೆ’ಯನ್ನು ಒಪ್ಪಿಕೊಂಡಿತು. ಕಾನೂನಿನ ಬಲವಿಲ್ಲದ್ದು ಎಂದು ಅದರಲ್ಲೇ ಬರೆದಿದೆ. ಮುಖ್ಯ ಮಾತು ಚಿಕ್ಕದು, ತೀರಾ ಸಡಿಲ. ಅದರ ಕೆಳಗೆ 11 ಉದಾಹರಣೆಗಳಿವೆ. ಜಗಳ ಇರುವುದು ಅಲ್ಲಿ.

ಕೆಲವು ಉದಾಹರಣೆಗಳ ಬಗ್ಗೆ ಯಾರಿಗೂ ತಕರಾರಿಲ್ಲ. ಯಹೂದಿಗಳನ್ನು ಕೊಲ್ಲಿ ಎನ್ನುವುದು, ಹತ್ಯಾಕಾಂಡ ನಡೆದೇ ಇಲ್ಲ ಎನ್ನುವುದು, ಇಸ್ರೇಲ್ ಮಾಡಿದ್ದಕ್ಕೆ ಎಲ್ಲ ಯಹೂದಿಗಳನ್ನು ಹೊಣೆ ಮಾಡುವುದು. ಆದರೆ 11ರಲ್ಲಿ 7 ಇಸ್ರೇಲ್‌ಗೆ ಸಂಬಂಧಿಸಿದವು. ಇಸ್ರೇಲ್ ರಾಷ್ಟ್ರ ಇರುವುದೇ ಒಂದು ಜನಾಂಗಭೇದದ ಯೋಜನೆ ಎನ್ನುವುದು ಒಂದು. ಇಸ್ರೇಲಿನ ಇಂದಿನ ನೀತಿಯನ್ನು ನಾಜಿಗಳ ನೀತಿಗೆ ಹೋಲಿಸುವುದು ಇನ್ನೊಂದು. ‘ಒಟ್ಟು ಸಂದರ್ಭ ನೋಡಿ’ ಎಂಬ ಮಾತು ಅದರಲ್ಲಿದೆ. ಬೇರೆ ದೇಶವನ್ನು ಟೀಕಿಸುವಂತೆಯೇ ಇಸ್ರೇಲನ್ನು ಟೀಕಿಸಿದರೆ ಅದು ಯಹೂದಿ ದ್ವೇಷವಲ್ಲ ಎಂದೂ ಇದೆ. ಆದರೆ ದೂರು ಬಂದಾಗ ಆಡಳಿತದವರು ಈ ಎಚ್ಚರಿಕೆಯ ಸಾಲುಗಳನ್ನು ಓದುವುದಿಲ್ಲ. ಉದಾಹರಣೆಗಳ ಪಟ್ಟಿ ಹಿಡಿದು ಗುರುತು ಹಾಕುತ್ತಾ ಹೋಗುತ್ತಾರೆ.

ನಾಜಿ ಹೋಲಿಕೆ ನನಗೆ ಇಷ್ಟವಿಲ್ಲ. ಬಹಳ ಸಲ ಅದನ್ನು ಬಳಸುವುದು ನೋಯಿಸಲೆಂದೇ. ಹಾಗೆಂದು ಅದನ್ನು ತರಗತಿಯಲ್ಲಿ ಚರ್ಚಿಸಲೇಬಾರದು ಎಂದರೆ ಹೇಗೆ? ನರಮೇಧದ ಅಧ್ಯಯನ ಎಂಬುದೇ ಹೋಲಿಕೆಯ ಮೇಲೆ ನಿಂತಿದೆ. ಹೋಲಿಸಿ ನೋಡಿ, ಈ ಹೋಲಿಕೆ ಸರಿಯಲ್ಲ ಎಂದು ತೋರಿಸಲೂ ಮೊದಲು ಹೋಲಿಸಬೇಕು.

ಈ ವ್ಯಾಖ್ಯೆಯ ಮೂಲ ಕರಡು 2005ರ ಹೊತ್ತಿನದು. ಅದನ್ನು ಬರೆಯುವುದರಲ್ಲಿ ಮುಂದಾಳಾಗಿದ್ದವರು ಕೆನ್ನೆತ್ ಸ್ಟರ್ನ್. ಆಗ ಅವರು ಅಮೆರಿಕದ ಒಂದು ದೊಡ್ಡ ಯಹೂದಿ ಸಂಘಟನೆಯಲ್ಲಿ ಕೆಲಸ ಮಾಡುತ್ತಿದ್ದರು. ಯೂರೋಪಿನಲ್ಲಿ ಅಂಕಿಅಂಶ ಕಲೆಹಾಕುವವರು ಒಂದೇ ಅಳತೆ ಇಟ್ಟುಕೊಳ್ಳಲಿ ಎಂಬುದು ಅದರ ಉದ್ದೇಶ. ವಿಶ್ವವಿದ್ಯಾಲಯದಲ್ಲಿ ಬಾಯಿ ಮುಚ್ಚಿಸಲು ಅದನ್ನು ಬಳಸಬೇಡಿ ಎಂದು ಅವರು 2017ರಲ್ಲಿ ಅಮೆರಿಕದ ಸಂಸತ್ ಸಮಿತಿಯ ಮುಂದೆ ಬಂದು ಹೇಳಿದರು. ಬರೆದವರೇ ಬೇಡ ಎಂದರೂ ಕೇಳಲಿಲ್ಲ. 2019ರ ಡಿಸೆಂಬರ್‌ನಲ್ಲಿ ಟ್ರಂಪ್ ಆದೇಶ ಹೊರಡಿಸಿ, ಭೇದಭಾವದ ದೂರು ಪರಿಶೀಲಿಸುವಾಗ ಇದನ್ನೂ ನೋಡಿ ಎಂದರು. 2020ರ ಅಕ್ಟೋಬರ್‌ನಲ್ಲಿ ಬ್ರಿಟನ್‌ನ ಶಿಕ್ಷಣ ಮಂತ್ರಿ, ಕ್ರಿಸ್‌ಮಸ್ ಒಳಗೆ ಇದನ್ನು ಒಪ್ಪಿಕೊಳ್ಳದಿದ್ದರೆ ಅನುದಾನಕ್ಕೂ ತೊಂದರೆಯಾದೀತು ಎಂಬ ಧಾಟಿಯಲ್ಲಿ ವಿಶ್ವವಿದ್ಯಾಲಯಗಳಿಗೆ ಪತ್ರ ಬರೆದರು.

ಬೇರೆ ವ್ಯಾಖ್ಯೆ ಇಲ್ಲವಾ?

ಇದೆ. 2021ರ ಮಾರ್ಚ್‌ನಲ್ಲಿ ಜೆರುಸಲೇಂ ಘೋಷಣೆ ಬಂತು. ಯಹೂದಿ ಇತಿಹಾಸ, ಹತ್ಯಾಕಾಂಡ ಅಧ್ಯಯನ ಮಾಡಿದ ಸುಮಾರು 200 ವಿದ್ವಾಂಸರು ಸಹಿ ಹಾಕಿದರು. ಅದರಲ್ಲಿ 15 ಮಾರ್ಗಸೂಚಿಗಳಿವೆ. ಇಸ್ರೇಲ್ ವಿಷಯದಲ್ಲಿ ಯಾವುದು ಯಹೂದಿ ದ್ವೇಷ, ಯಾವುದು ಅಲ್ಲ ಎಂದು ಎರಡೂ ಕಡೆಯ ಉದಾಹರಣೆ ಕೊಡುತ್ತದೆ. ತರಗತಿಗೆ ಹೋಗುವ ಯಾರಿಗೇ ಆದರೂ ನಾನು ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿ ಎನ್ನುತ್ತೇನೆ. ಒಂದು ಗಂಟೆ ಸಾಕು.

ನೇರವಾಗಿ ಹೇಳಿ, ಇಸ್ರೇಲನ್ನು ಟೀಕಿಸಿದರೆ ಯಹೂದಿ ದ್ವೇಷ ಆಗುತ್ತದಾ?

ಇಲ್ಲ. ಟೀಕೆಯ ವೇಷದಲ್ಲಿ ದ್ವೇಷ ಬರಬಹುದು, ಬಂದದ್ದೂ ಇದೆ. ‘ಇಸ್ರೇಲ್ ಸರ್ಕಾರ’ ಎಂದು ಶುರುವಾದ ಮಾತು ‘ಈ ಯಹೂದಿಗಳು’ ಎಂದು ಮುಗಿದರೆ ಎಚ್ಚರಾಗಬೇಕು.

ಒಂದು ಪುಸ್ತಕ ಓದಿಸಿದ್ದಕ್ಕೆ ಆರೋಪ ಬರಬಹುದಾ?

ಬಂದಿದೆ. 2023ರ ಬೇಸಿಗೆಯಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಒಂದು ಕೋರ್ಸಿನ ಓದಿನ ಪಟ್ಟಿ ದೊಡ್ಡ ಸುದ್ದಿಯಾಯಿತು. ಆಘಾತ ಮತ್ತು ಚೇತರಿಕೆಯ ಬಗ್ಗೆ ಇದ್ದ ಕೋರ್ಸ್ ಅದು. ಪಟ್ಟಿಯಲ್ಲಿ ಜಸ್ಬೀರ್ ಪುವಾರ್ ಅವರ 2017ರ ಒಂದು ಪುಸ್ತಕ ಇತ್ತು. ಇಸ್ರೇಲ್ ಸೇನೆ ಪ್ಯಾಲೆಸ್ಟೀನಿಯರನ್ನು ಬೇಕೆಂದೇ ಅಂಗವಿಕಲರನ್ನಾಗಿಸುತ್ತದೆ ಎಂಬುದು ಅದರ ವಾದ. ಯಹೂದಿಗಳು ಕ್ರೈಸ್ತ ಮಕ್ಕಳನ್ನು ಕೊಂದು ರಕ್ತ ಬಳಸುತ್ತಾರೆ ಎಂಬ ಹಳೆಯ ಸುಳ್ಳು ಆರೋಪವನ್ನೇ ಇದು ಹೊಸ ರೂಪದಲ್ಲಿ ಹೇಳುತ್ತದೆ ಎಂದು ಟೀಕಾಕಾರರು ದೂರಿದರು. ಇಸ್ರೇಲಿನ ಮಂತ್ರಿಯೊಬ್ಬರು, ಅಮಿಖಾಯ್ ಚಿಕ್ಲಿ, ಪುಸ್ತಕವನ್ನು ಪಟ್ಟಿಯಿಂದ ತೆಗೆಯಿರಿ ಎಂದು ವಿಶ್ವವಿದ್ಯಾಲಯಕ್ಕೇ ಬರೆದರು.

ಪ್ರಿನ್ಸ್‌ಟನ್ ಅಧ್ಯಕ್ಷ ಕ್ರಿಸ್ಟೋಫರ್ ಐಸ್‌ಗ್ರೂಬರ್ ತೆಗೆಯಲಿಲ್ಲ. ಯಾವ ಪುಸ್ತಕ ಓದಿಸಬೇಕೆಂದು ಹೊರಗಿನವರು ಹೇಳುವಂತಿಲ್ಲ ಎಂಬ ನಿಲುವಿಗೆ ಅಂಟಿಕೊಂಡರು. ಅವರ ತಾಯಿ ಬರ್ಲಿನ್‌ನಿಂದ ತಪ್ಪಿಸಿಕೊಂಡು ಬಂದ ಯಹೂದಿ ಕುಟುಂಬದವರು. ಆ ಸಂಗತಿ ಅವರಿಗೆ ಗೊತ್ತಾದದ್ದೂ ತೀರಾ ದೊಡ್ಡವರಾದ ಮೇಲೆ.

ಆ ಪುಸ್ತಕದ ವಾದಕ್ಕೆ ಎಷ್ಟು ಪುರಾವೆ ಇದೆ ಎಂದು ಕೇಳಬೇಕು, ಗಟ್ಟಿಯಾಗಿ ಕೇಳಬೇಕು. ಕೇಳಲು ಸರಿಯಾದ ಜಾಗ ತರಗತಿಯೇ. ಓದಿಸುವುದು ಅಂದರೆ ಒಪ್ಪಿಕೊಳ್ಳಿ ಎಂದಲ್ಲ. ನಾವು ಮನುಸ್ಮೃತಿಯನ್ನೂ ಓದಿಸುತ್ತೇವೆ, ಅದನ್ನು ಸುಟ್ಟ ಅಂಬೇಡ್ಕರರನ್ನೂ ಓದಿಸುತ್ತೇವೆ, ಅಲ್ವಾ?

ಹಾಗಾದರೆ ಆರೋಪಗಳೆಲ್ಲ ಸುಳ್ಳಾ? ಪ್ರೊಫೆಸರ್‌ಗಳಲ್ಲಿ ಯಹೂದಿ ದ್ವೇಷ ಇಲ್ಲವಾ?

ಇದೆ. ಇಲ್ಲ ಎನ್ನುವವರು ಕಣ್ಣು ಮುಚ್ಚಿಕೊಂಡಿದ್ದಾರೆ.

ಹಳೆಯದನ್ನೇ ನೋಡಿ. 1922ರಲ್ಲಿ ಹಾರ್ವರ್ಡ್ ಅಧ್ಯಕ್ಷ ಲಾರೆನ್ಸ್ ಲೊವೆಲ್, ಯಹೂದಿ ಹುಡುಗರು ಜಾಸ್ತಿಯಾದರು, ಮಿತಿ ಹಾಕಬೇಕು ಎಂದರು. ದಶಕಗಟ್ಟಲೆ ಅಮೆರಿಕದ ಹೆಸರಾಂತ ಕಾಲೇಜುಗಳಲ್ಲಿ ಆ ಮಿತಿ ಬೇರೆ ಬೇರೆ ರೂಪದಲ್ಲಿ ನಡೆಯಿತು. ಹತ್ತಿರದ ಕಾಲಕ್ಕೆ ಬಂದರೆ, ಓಬರ್ಲಿನ್ ಕಾಲೇಜಿನ ಒಬ್ಬ ಸಹಾಯಕ ಪ್ರಾಧ್ಯಾಪಕಿ ಫೇಸ್‌ಬುಕ್‌ನಲ್ಲಿ ಐಸಿಸ್ ಹಿಂದೆ ಇಸ್ರೇಲ್ ಇದೆ, ಯಹೂದಿ ಬ್ಯಾಂಕರುಗಳ ರಾಥ್‌ಚೈಲ್ಡ್ ಮನೆತನ ಲೋಕವನ್ನೇ ಆಳುತ್ತದೆ ಎಂಬಂಥದ್ದನ್ನು ಹಂಚಿದರು. 2016ರ ನವೆಂಬರ್‌ನಲ್ಲಿ ಕಾಲೇಜು ಅವರನ್ನು ತೆಗೆಯಿತು. ನಾನು ಮೇಲೆ ಹೇಳಿದ ತೆರೆಮರೆಯ ಕಥೆ ಇದೇ. ಇದರಲ್ಲಿ ವಿದ್ವತ್ತೇನೂ ಇಲ್ಲ.

2025ರ ಏಪ್ರಿಲ್‌ನಲ್ಲಿ ಹಾರ್ವರ್ಡ್ ಎರಡು ವರದಿ ಒಟ್ಟಿಗೆ ಹೊರತಂದಿತು. ಒಂದು ಯಹೂದಿ ಮತ್ತು ಇಸ್ರೇಲಿ ವಿದ್ಯಾರ್ಥಿಗಳ ಅನುಭವದ ಬಗ್ಗೆ, ಇನ್ನೊಂದು ಮುಸ್ಲಿಂ, ಅರಬ್, ಪ್ಯಾಲೆಸ್ಟೀನಿ ವಿದ್ಯಾರ್ಥಿಗಳ ಬಗ್ಗೆ. ಮೊದಲನೆಯದರಲ್ಲಿ ಜೊತೆಯವರು ದೂರವಿಟ್ಟದ್ದು, ಗುರುತು ಮುಚ್ಚಿಟ್ಟುಕೊಂಡು ಓಡಾಡಿದ್ದು, ಇಂಥವು ಪುಟಗಟ್ಟಲೆ ಇವೆ. ಓದಿದರೆ ಹೊಟ್ಟೆ ಕಿವುಚುತ್ತದೆ. ಎರಡನೆಯದನ್ನು ಓದಿದರೂ ಹಾಗೇ ಆಗುತ್ತದೆ.

ವಿದ್ಯಾರ್ಥಿಗೆ ನೋವಾದರೆ ಅದು ಭೇದಭಾವ ಅಲ್ಲವಾ?

ನೋವಾಗುವುದೂ ಭೇದಭಾವವೂ ಬೇರೆ ಬೇರೆ. ಅಮೆರಿಕದಲ್ಲಿ 1964ರ ನಾಗರಿಕ ಹಕ್ಕು ಕಾಯ್ದೆಯ ಆರನೇ ಅಧ್ಯಾಯ ಇದೆ. ಕೇಂದ್ರದ ದುಡ್ಡು ಪಡೆಯುವ ಸಂಸ್ಥೆ ಜನಾಂಗ, ಬಣ್ಣ, ಮೂಲದ ಆಧಾರದಲ್ಲಿ ಭೇದ ಮಾಡಬಾರದು. ವಾತಾವರಣ ಎಷ್ಟು ಹಗೆತನದಿಂದ ಕೂಡಿದೆ, ಅದರಿಂದ ಆ ವಿದ್ಯಾರ್ಥಿಯ ಓದಿಗೇ ಅಡ್ಡಿಯಾಗಿದೆಯಾ ಎಂದು ನೋಡುತ್ತಾರೆ. ಒಂದು ಅಹಿತಕರ ಪಾಠ ಆ ಮಟ್ಟಕ್ಕೆ ಹೋಗುವುದಿಲ್ಲ.

ನನ್ನದೇ ಒಂದು ತಪ್ಪು ಹೇಳುತ್ತೇನೆ. 1948ರ ಬಗ್ಗೆ ಪಾಠ. ಇಸ್ರೇಲ್ ಹುಟ್ಟಿದ್ದು, ಪ್ಯಾಲೆಸ್ಟೀನಿಯರು ಮನೆಮಠ ಬಿಟ್ಟು ಹೋದದ್ದು, ಎರಡನ್ನೂ ಹೇಳಿದೆ. ಮರುದಿನ ಒಬ್ಬ ಯಹೂದಿ ಹುಡುಗಿ ನನ್ನ ಕೋಣೆಗೆ ಬಂದು ಅತ್ತಳು. ಅವಳ ಅಜ್ಜ ಪೋಲೆಂಡ್‌ನ ಶಿಬಿರದಿಂದ ಬದುಕಿ ಬಂದವರು. ಪಾಠ ಸರಿ ಇರಲಿಲ್ಲವಾ ಎಂದು ಕೇಳಿದೆ. ಪಾಠ ಸರಿಯಾಗೇ ಇತ್ತು ಎಂದಳು. ಆದರೆ ಗುಂಪು ಚರ್ಚೆಯಲ್ಲಿ ಒಬ್ಬ ಹುಡುಗ ಅವಳ ಕಡೆ ತಿರುಗಿ, ‘ನಿಮ್ಮವರು ಯಾಕೆ ಹೀಗೆ ಮಾಡುತ್ತಾರೆ?’ ಎಂದು ಕೇಳಿದ್ದ. ನಾನು ಅಲ್ಲೇ ನಿಂತಿದ್ದೆ, ಕೇಳಿಸಿಕೊಂಡಿದ್ದೆ. ಏನೂ ಹೇಳಲಿಲ್ಲ.

ಇಲ್ಲಿ ಒಬ್ಬ ಮುಸ್ಲಿಂ ಹುಡುಗನನ್ನು ಪಾಕಿಸ್ತಾನದ ಬಗ್ಗೆ ಉತ್ತರ ಕೊಡು ಎಂದು ತರಗತಿಯಲ್ಲಿ ನಿಲ್ಲಿಸಿದರೆ ಹೇಗಿರುತ್ತದೆ? ಅದೂ ಇದೂ ಒಂದೇ. ಅವತ್ತು ತಪ್ಪಾದದ್ದು ಪಾಠದಲ್ಲಲ್ಲ, ನನ್ನ ಮೌನದಲ್ಲಿ. ಮುಂದಿನ ವಾರ ತರಗತಿಯಲ್ಲಿ ಅದನ್ನು ಬಾಯಿ ಬಿಟ್ಟು ಹೇಳಿ ಕ್ಷಮೆ ಕೇಳಿದೆ. 1948ರ ಪಾಠವನ್ನು ಮಾತ್ರ ಒಂದು ಸಾಲೂ ಬದಲಿಸಲಿಲ್ಲ.

ಇನ್ನೊಂದು ಉದಾಹರಣೆ ಮಿಷಿಗನ್ ವಿಶ್ವವಿದ್ಯಾಲಯದ್ದು. 2018ರಲ್ಲಿ ಒಬ್ಬ ಪ್ರೊಫೆಸರ್ ಒಬ್ಬ ವಿದ್ಯಾರ್ಥಿನಿಗೆ ಶಿಫಾರಸು ಪತ್ರ ಕೊಡಲು ಮೊದಲು ಒಪ್ಪಿದ್ದರು. ಅವಳು ಹೋಗುತ್ತಿರುವುದು ಟೆಲ್ ಅವಿವ್‌ಗೆ ಎಂದು ಗೊತ್ತಾದ ಮೇಲೆ, ತಾನು ಇಸ್ರೇಲಿ ಸಂಸ್ಥೆಗಳ ಬಹಿಷ್ಕಾರದ ಪರ ಎಂದು ಹೇಳಿ ನಿರಾಕರಿಸಿದರು. ವಿಶ್ವವಿದ್ಯಾಲಯ ಅವರ ಸಂಬಳ ಏರಿಕೆ, ರಜೆಗೆ ಕತ್ತರಿ ಹಾಕಿತು. ಬಹಿಷ್ಕಾರದ ಪರ ಮಾತಾಡುವುದು ಅವರ ಹಕ್ಕು. ಆದರೆ ಶಿಫಾರಸು ಪತ್ರ ವಿದ್ಯಾರ್ಥಿಯ ಓದಿನ ಬಗ್ಗೆ ಇರಬೇಕು. ಮೇಷ್ಟ್ರ ರಾಜಕೀಯದ ಬೆಲೆಯನ್ನು ಹುಡುಗಿ ತೆರಬಾರದು. ಅವರು ಮಾಡಿದ್ದು ಯಹೂದಿ ದ್ವೇಷ ಎಂದು ನಾನು ಹೇಳುವುದಿಲ್ಲ, ಮೇಷ್ಟ್ರ ಕರ್ತವ್ಯದಲ್ಲಿ ಲೋಪ ಎನ್ನುತ್ತೇನೆ. ಪ್ರತಿ ತಪ್ಪಿಗೂ ಅದರದೇ ಹೆಸರು ಇದೆ.

ತರಗತಿಯ ಹೊರಗೆ ಟ್ವೀಟ್ ಮಾಡಿದರೆ?

ಜಾಸ್ತಿ ತಲೆಗಳು ಉರುಳಿದ್ದು ಇಲ್ಲೇ.

ಸ್ಟೀವನ್ ಸಲೈಟಾ ಅವರಿಗೆ ಇಲಿನಾಯ್ ವಿಶ್ವವಿದ್ಯಾಲಯ 2013ರ ಅಕ್ಟೋಬರ್‌ನಲ್ಲಿ ಕಾಯಂ ಹುದ್ದೆ ಕೊಟ್ಟಿತ್ತು. ಅವರು ಹಳೆಯ ಕೆಲಸ ಬಿಟ್ಟರು. 2014ರ ಗಾಜಾ ಯುದ್ಧದ ಸಮಯದಲ್ಲಿ ಸಿಟ್ಟಿನ ಟ್ವೀಟ್‌ಗಳನ್ನು ಹಾಕಿದರು. ಕೆಲವು ನಿಜಕ್ಕೂ ಒರಟು. ಆಗಸ್ಟ್‌ನಲ್ಲಿ ವಿಶ್ವವಿದ್ಯಾಲಯ ಹುದ್ದೆ ವಾಪಸ್ ತೆಗೆದುಕೊಂಡಿತು. ಆಡಳಿತ ಮಂಡಳಿ 8–1 ಮತದಿಂದ ಅದನ್ನು ಖಚಿತ ಮಾಡಿತು. ದಾನಿಗಳು ಪತ್ರಗಳ ಮೇಲೆ ಪತ್ರ ಬರೆದದ್ದು ಆಮೇಲೆ ಬಯಲಾಯಿತು. ಮರುವರ್ಷ ಪ್ರಾಧ್ಯಾಪಕರ ಸಂಘ ವಿಶ್ವವಿದ್ಯಾಲಯದ ಮೇಲೆ ಖಂಡನೆ ಹೊರಡಿಸಿತು. 2015ರ ನವೆಂಬರ್‌ನಲ್ಲಿ 8,75,000 ಡಾಲರ್ ಕೊಟ್ಟು ಮೊಕದ್ದಮೆ ಮುಗಿಸಿಕೊಂಡರು. ದುಡ್ಡು ಬಂತು, ಹುದ್ದೆ ಬರಲಿಲ್ಲ. ಅವರು ಕೆಲವು ಕಾಲ ಶಾಲಾ ಬಸ್ ಓಡಿಸಿದರು.

ಬ್ರಿಟನ್‌ನ ಡೇವಿಡ್ ಮಿಲ್ಲರ್ ಪ್ರಕರಣ ಇದಕ್ಕಿಂತ ತೊಡಕಿನದು. ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರ ಪ್ರಾಧ್ಯಾಪಕರು. ಯಹೂದಿಗಳಿಗೆ ತಮ್ಮದೇ ರಾಷ್ಟ್ರ ಬೇಕೆನ್ನುವ ಜಿಯೋನಿಸಂ ಬಗ್ಗೆ ಪಾಠದಲ್ಲೂ ಹೊರಗೂ ಕಟುವಾಗಿ ಮಾತಾಡಿದರು. ತಮ್ಮದೇ ವಿಶ್ವವಿದ್ಯಾಲಯದ ಯಹೂದಿ ವಿದ್ಯಾರ್ಥಿ ಸಂಘವನ್ನೂ ಇಸ್ರೇಲ್ ಪರ ಜಾಲದೊಳಗೆ ಸೇರಿಸಿ ಮಾತಾಡಿದರು. 2021ರ ಅಕ್ಟೋಬರ್ 1ರಂದು ಕೆಲಸ ಹೋಯಿತು. 2024ರ ಫೆಬ್ರವರಿಯಲ್ಲಿ ಮೊದಲ ಹಂತದ ಉದ್ಯೋಗ ನ್ಯಾಯಮಂಡಳಿ, ವಜಾ ಮಾಡಿದ್ದು ಅನ್ಯಾಯ ಎಂದಿತು. ಜಿಯೋನಿಸಂ ವಿರೋಧವೂ 2010ರ ಸಮಾನತಾ ಕಾಯ್ದೆ ಕಾಪಾಡುವ ನಂಬಿಕೆಗಳಲ್ಲಿ ಸೇರುತ್ತದೆ ಎಂದಿತು. ಅದರ ಜೊತೆಗೇ ಅವರ ನಡತೆಯೂ ಕಾರಣ ಎಂದು ಪರಿಹಾರದಲ್ಲಿ ಅರ್ಧ ಕಡಿತವಾಗಬೇಕು ಎಂದೂ ಹೇಳಿತು. ಈ ಎರಡನ್ನೂ ಒಟ್ಟಿಗೆ ಹಿಡಿಯಬೇಕು. ಒಬ್ಬ ಪ್ರಾಧ್ಯಾಪಕರ ನಂಬಿಕೆಗೆ ರಕ್ಷಣೆ ಇದೆ. ತನ್ನ ಕ್ಯಾಂಪಸ್‌ನಲ್ಲೇ ಓದುವ ಹುಡುಗರನ್ನು ಪಗಡೆ ಕಾಯಿ ಮಾಡಿಕೊಳ್ಳುವುದಕ್ಕೆ ನನ್ನ ಒಪ್ಪಿಗೆ ಇಲ್ಲ.

ದೂರುಗಳಲ್ಲಿ ಎಷ್ಟು ನಿಲ್ಲುತ್ತವೆ?

ಬ್ರಿಟನ್‌ನಲ್ಲಿ ಐಎಚ್‌ಆರ್‌ಎ ವ್ಯಾಖ್ಯೆ ಮುಂದಿಟ್ಟುಕೊಂಡು ಬಂದ 40 ಪ್ರಕರಣಗಳನ್ನು ಪಶ್ಚಿಮ ಏಷ್ಯಾ ಅಧ್ಯಯನದ ವಿದ್ವಾಂಸರ ಸಂಘ ಮತ್ತು ಒಂದು ಕಾನೂನು ನೆರವು ಸಂಸ್ಥೆ ಸೇರಿ 2023ರಲ್ಲಿ ಪರಿಶೀಲಿಸಿದವು. 2017ರಿಂದ 2022ರವರೆಗಿನವು. 38ರಲ್ಲಿ ಆರೋಪ ನಿಲ್ಲಲಿಲ್ಲ, ಉಳಿದ ಎರಡು ಆಗಿನ್ನೂ ನಡೆಯುತ್ತಿದ್ದವು. ವರದಿ ಮಾಡಿದವರು ಆರೋಪಿತರ ಪರ ಇದ್ದವರು, ಅದನ್ನೂ ನೆನಪಿಟ್ಟುಕೊಳ್ಳಿ.

ಅಮೆರಿಕದಲ್ಲಿ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ಅಧ್ಯಾಪಕಿಯೊಬ್ಬರ ಮೇಲೆ 2023ರ ಜನವರಿಯಲ್ಲಿ ದೂರು ಬಂತು. ಹೊರಗಿನ ವಕೀಲರು ಬಂದು ತನಿಖೆ ಮಾಡಿ, ಮಾರ್ಚ್‌ನಲ್ಲಿ ಭೇದಭಾವಕ್ಕೆ ಪುರಾವೆ ಇಲ್ಲ ಎಂದರು. ಆದರೆ ಅಷ್ಟರಲ್ಲಿ ಅವರ ಹೆಸರು ಎಲ್ಲ ಕಡೆ ಹರಡಿ ಆಗಿತ್ತು. ನಿರ್ದೋಷಿ ಎಂಬ ಕಾಗದವನ್ನು ಯಾರು ಓದುತ್ತಾರೆ? ತನಿಖೆಯೇ ಶಿಕ್ಷೆಯಾಗಿಬಿಡುತ್ತದೆ.

2025ರಲ್ಲಿ ಕೊಲಂಬಿಯಾದಲ್ಲಿ ಆದದ್ದೇನು?

ಮಾರ್ಚ್ 7ರಂದು ಟ್ರಂಪ್ ಸರ್ಕಾರ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕೊಡುತ್ತಿದ್ದ 40 ಕೋಟಿ ಡಾಲರ್ ನಿಲ್ಲಿಸಿತು. ಯಹೂದಿ ವಿದ್ಯಾರ್ಥಿಗಳನ್ನು ಕಾಪಾಡಲಿಲ್ಲ ಎಂಬುದು ಕಾರಣ. ನಿಂತದ್ದರಲ್ಲಿ ವೈದ್ಯಕೀಯ ಸಂಶೋಧನೆಯ ದುಡ್ಡೂ ಇತ್ತು. ವಾರದೊಳಗೆ ಬೇಡಿಕೆಗಳ ಪಟ್ಟಿ ಬಂತು. ಅದರಲ್ಲಿ ಒಂದು, ಪಶ್ಚಿಮ ಏಷ್ಯಾ, ದಕ್ಷಿಣ ಏಷ್ಯಾ, ಆಫ್ರಿಕಾ ಅಧ್ಯಯನ ವಿಭಾಗವನ್ನು ಕಡೇಪಕ್ಷ ಐದು ವರ್ಷ ಅಲ್ಲಿನ ಅಧ್ಯಾಪಕರ ಕೈಯಿಂದ ತೆಗೆದು ಬೇರೆಯವರ ಉಸ್ತುವಾರಿಗೆ ಕೊಡಿ ಎಂಬುದು.

ದಕ್ಷಿಣ ಏಷ್ಯಾ ಎಂಬ ಪದ ಗಮನಿಸಿ. ನಮ್ಮ ಕವಿರಾಜಮಾರ್ಗವನ್ನು, ಹಳೆಗನ್ನಡವನ್ನು ಹೊರಲೋಕದ ವಿದ್ವಾಂಸರ ಮುಂದಿಟ್ಟ ಶೆಲ್ಡನ್ ಪೊಲಾಕ್ ಪಾಠ ಹೇಳುತ್ತಿದ್ದದ್ದು ಇದೇ ವಿಭಾಗದಲ್ಲಿ. ಅವರು ನಿವೃತ್ತರಾದ ಮೇಲೂ ಈ ಬೇಡಿಕೆಯನ್ನು ಬಹಿರಂಗವಾಗಿ ವಿರೋಧಿಸಿದರು.

ಜುಲೈನಲ್ಲಿ ಕೊಲಂಬಿಯಾ ರಾಜಿಯಾಯಿತು. ಮೂರು ವರ್ಷದಲ್ಲಿ 20 ಕೋಟಿ ಡಾಲರ್, ಅದರ ಮೇಲೆ ಇನ್ನೂ 2.1 ಕೋಟಿ. ಅದೇ ತಿಂಗಳು ಐಎಚ್‌ಆರ್‌ಎ ವ್ಯಾಖ್ಯೆಯನ್ನೂ ಒಪ್ಪಿಕೊಂಡಿತು. ಇತಿಹಾಸಕಾರ ರಶೀದ್ ಖಾಲಿದಿ, ಈ ವ್ಯಾಖ್ಯೆ ಇಟ್ಟುಕೊಂಡು ಆಧುನಿಕ ಪಶ್ಚಿಮ ಏಷ್ಯಾದ ಇತಿಹಾಸ ಹೇಳಲು ಆಗುವುದಿಲ್ಲ ಎಂದು ತಮ್ಮ ಕೋರ್ಸನ್ನೇ ಕೈಬಿಟ್ಟರು. ನರಮೇಧದ ನೆನಪಿನ ಬಗ್ಗೆ ಬರೆದ ಮರಿಯಾನ್ ಹಿರ್ಶ್ ಕೂಡ ಪಾಠ ಮುಂದುವರಿಸುವುದೋ ಬಿಡುವುದೋ ಎಂದು ಯೋಚಿಸುತ್ತಿದ್ದೇನೆ ಎಂದರು. ಅವರ ಅಪ್ಪ ಅಮ್ಮ ಹತ್ಯಾಕಾಂಡದಲ್ಲಿ ಬದುಕುಳಿದವರು. ಅವರು ಓದಿಸುವುದು ಇಸ್ರೇಲ್ ಕಟ್ಟಿದ ರೀತಿಯನ್ನು ಟೀಕಿಸಿದ್ದ ಹನ್ನಾ ಅರೆಂಟ್ ಬರಹಗಳನ್ನು. ನಾಜಿ ಜರ್ಮನಿಯಿಂದ ಓಡಿಬಂದ ಯಹೂದಿ ಚಿಂತಕಿಯನ್ನು ಓದಿಸಲು ಹತ್ಯಾಕಾಂಡದಿಂದ ಬದುಕುಳಿದವರ ಮಗಳು ಹೆದರಬೇಕು! ಯಹೂದಿಗಳನ್ನು ಕಾಪಾಡುತ್ತೇವೆ ಎಂದು ಹೊರಟ ದಾರಿ ಇಲ್ಲಿಗೆ ಬಂದು ನಿಂತಿದೆ. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ.

ದುಡ್ಡು ಸರ್ಕಾರದ್ದು. ತಪ್ಪು ಮಾಡಿದರೆ ನಿಲ್ಲಿಸುವುದು ಸರಿ ಅಲ್ಲವಾ?

ಅದಕ್ಕೊಂದು ದಾರಿ ಕಾನೂನಿನಲ್ಲೇ ಇದೆ. ತನಿಖೆ, ನೋಟಿಸು, ವಿಚಾರಣೆ, ತಿದ್ದಿಕೊಳ್ಳಲು ಅವಕಾಶ. ಕೊನೆಗೆ ದುಡ್ಡು ನಿಲ್ಲಿಸಿದರೂ ತಪ್ಪು ನಡೆದ ಕಾರ್ಯಕ್ರಮಕ್ಕೆ ಮಾತ್ರ. ಕ್ಯಾನ್ಸರ್ ಸಂಶೋಧನೆಗೂ ಇತಿಹಾಸ ವಿಭಾಗಕ್ಕೂ ಏನು ಸಂಬಂಧ?

ಹಾರ್ವರ್ಡ್ 2025ರ ಏಪ್ರಿಲ್ 14ರಂದು ಬೇಡಿಕೆಗಳಿಗೆ ಇಲ್ಲ ಎಂದಿತು. ಕೂಡಲೇ 220 ಕೋಟಿ ಡಾಲರ್ ನಿಂತಿತು. ಅದು ಕೋರ್ಟಿಗೆ ಹೋಯಿತು. ಸೆಪ್ಟೆಂಬರ್ 3ರಂದು ನ್ಯಾಯಾಧೀಶೆ ಆಲಿಸನ್ ಬರೋಸ್, ಸರ್ಕಾರ ಮಾಡಿದ್ದು ಕಾನೂನುಬಾಹಿರ ಎಂದರು. ಯಹೂದಿ ದ್ವೇಷವನ್ನು ಹೊಗೆಯ ಪರದೆಯಂತೆ ಬಳಸಿಕೊಂಡಿದ್ದಾರೆ ಎಂದು ಬರೆದರು. ದ್ವೇಷದ ನಡವಳಿಕೆಯನ್ನು ಹಾರ್ವರ್ಡ್ ಅಷ್ಟು ದಿನ ಸಹಿಸಿಕೊಂಡದ್ದೂ ತಪ್ಪು ಎಂದು ಅದೇ ತೀರ್ಪಿನಲ್ಲಿ ಬರೆದಿದ್ದಾರೆ. ಸರ್ಕಾರ ಮೇಲ್ಮನವಿಗೆ ಹೊರಟಿತು.

ಭಾರತದಲ್ಲಿ ಇಂಥದ್ದು ನಡೆದಿದೆಯಾ?

ನಡೆದಿದೆ, ಆದರೆ ಆರೋಪದ ಹೆಸರು ಬೇರೆ. 2023ರ ನವೆಂಬರ್‌ನಲ್ಲಿ ಐಐಟಿ ಬಾಂಬೆಯ ಒಂದು ಕೋರ್ಸಿನಲ್ಲಿ ಪ್ಯಾಲೆಸ್ಟೀನ್ ರಂಗಭೂಮಿ ಬಗ್ಗೆ ಅತಿಥಿ ಉಪನ್ಯಾಸ ಆಯಿತು. ಕೆಲವು ವಿದ್ಯಾರ್ಥಿಗಳು ಪೊಲೀಸರಿಗೆ ದೂರು ಕೊಟ್ಟರು. ಅಲ್ಲಿ ಕೇಳಿದ್ದು ಭಯೋತ್ಪಾದನೆಗೆ ಬೆಂಬಲ ಎಂಬ ಮಾತು, ಯಹೂದಿ ದ್ವೇಷ ಎಂದಲ್ಲ. ಅದೇ ತಿಂಗಳು ಹರಿಯಾಣದ ಜಿಂದಾಲ್ ವಿಶ್ವವಿದ್ಯಾಲಯದಲ್ಲಿ ಅಚಿನ್ ವನಾಯಕ್ ಮಾಡಿದ ಭಾಷಣದ ಬಗ್ಗೆ ಇಸ್ರೇಲ್ ರಾಯಭಾರಿಯೇ ಕುಲಪತಿಗೆ ಬರೆದರು. ತರಗತಿಯ ಮಾತು ನೇರ ಠಾಣೆಗೆ ಹೋಗುವುದು ನನಗೆ ಕೊಲಂಬಿಯಾಕ್ಕಿಂತ ಜಾಸ್ತಿ ಭಯ ಹುಟ್ಟಿಸುತ್ತದೆ.

ನನ್ನ ಮಗಳು ಈ ವರ್ಷ ಪಿಎಚ್‌ಡಿಗೆ ಅಮೆರಿಕಕ್ಕೆ ಹೋಗುತ್ತಿದ್ದಾಳೆ. ಟಿಎ (ಟೀಚಿಂಗ್ ಅಸಿಸ್ಟೆಂಟ್, ಅಂದರೆ ಪ್ರೊಫೆಸರ್‌ಗೆ ಪಾಠದಲ್ಲಿ ನೆರವಾಗುವ) ಕೆಲಸವನ್ನೂ ಮಾಡಬೇಕು. ಏನು ಎಚ್ಚರ ಇರಬೇಕು?

ಈ ಪ್ರಶ್ನೆಯೇ ನನ್ನ ಹತ್ತಿರ ಜಾಸ್ತಿ ಬರುವುದು. ಹೆದರಿಸಲು ಇಷ್ಟವಿಲ್ಲ, ಆದರೆ ಸುಮ್ನೆ ಧೈರ್ಯ ಹೇಳಿ ಕಳಿಸಲೂ ಆಗದು. 2025ರ ಮಾರ್ಚ್‌ನಲ್ಲಿ ಜಾರ್ಜ್‌ಟೌನ್‌ನಲ್ಲಿದ್ದ ಒಬ್ಬ ಭಾರತೀಯ ಸಂಶೋಧಕರನ್ನು ಹಿಡಿದು ಸುಮಾರು ಎರಡು ತಿಂಗಳು ಒಳಗಿಟ್ಟಿದ್ದರು. ಸೆಪ್ಟೆಂಬರ್ ಕೊನೆಗೆ ಬಾಸ್ಟನ್‌ನ ನ್ಯಾಯಾಧೀಶ ವಿಲಿಯಂ ಯಂಗ್, ಪ್ಯಾಲೆಸ್ಟೀನ್ ಪರ ಮಾತಿಗಾಗಿ ವಿದೇಶಿಯರನ್ನು ಹೀಗೆ ಗುರಿ ಮಾಡುವುದು ಸಂವಿಧಾನಕ್ಕೆ ವಿರುದ್ಧ, ಮಾತಿನ ಹಕ್ಕು ಅವರಿಗೂ ಇದೆ ಎಂದರು. ಆದರೂ ವೀಸಾದ ಮೇಲಿರುವವರ ಸ್ಥಿತಿ ನಾಜೂಕು.

ಆದ್ದರಿಂದ ಹೋದ ಕೂಡಲೇ ವಿಭಾಗದ ನಿಯಮಗಳನ್ನು ಓದಿಕೊಳ್ಳಲಿ. ಅಲ್ಲಿ ಯಾವ ವ್ಯಾಖ್ಯೆ ಜಾರಿಯಲ್ಲಿದೆ ಎಂದು ತಿಳಿದುಕೊಳ್ಳಲಿ. ಟಿಎ ಆದವರು ಮುಖ್ಯ ಪ್ರೊಫೆಸರ್ ಕೊಟ್ಟ ಪಟ್ಟಿಯ ಮೇಲೆ ಪಾಠ ಮಾಡುತ್ತಾರೆ, ಆ ಪಟ್ಟಿಯೇ ಅವಳಿಗೆ ರಕ್ಷಣೆ. ಮೊದಲ ತರಗತಿಯಲ್ಲೇ ಒಂದು ಮಾತು ಹೇಳಿಬಿಡಲಿ: ಇಲ್ಲಿ ಯಾರೂ ತಮ್ಮ ಧರ್ಮದ, ದೇಶದ ಪರವಾಗಿ ಉತ್ತರ ಕೊಡಬೇಕಾಗಿಲ್ಲ, ಯಾರನ್ನೂ ಹಾಗೆ ಕೇಳುವಂತಿಲ್ಲ. ಈ ಮಾತನ್ನು ನಾನು ಮೊದಲೇ ಹೇಳಿದ್ದರೆ ಆ ಹುಡುಗಿ ನನ್ನ ಕೋಣೆಯಲ್ಲಿ ಅಳುತ್ತಿರಲಿಲ್ಲ. ಕಾವೇರಿದ ಚರ್ಚೆ ಆದ ದಿನ ಏನಾಯಿತೆಂದು ಅವತ್ತೇ ನಾಲ್ಕು ಸಾಲು ಬರೆದಿಡಲಿ, ತಾರೀಖಿನ ಸಮೇತ. ಯಾರಾದರೂ ನೋವಾಯಿತು ಎಂದು ಬಂದರೆ ವಾದ ಮಾಡದೆ ಪೂರ್ತಿ ಕೇಳಿಸಿಕೊಳ್ಳಲಿ. ಹೆಚ್ಚಿನವು ಅಲ್ಲೇ ಬಗೆಹರಿಯುತ್ತವೆ.

ಇನ್ನು ದೂರಿನ ಇಮೇಲ್ ಬಂದರೆ, ಆ ರಾತ್ರಿಯೇ ಒಬ್ಬಳೇ ಕೂತು ಉತ್ತರ ಬರೆಯುವುದು ಬೇಡ. ಮೊದಲು ಗೈಡ್‌ಗೆ ತೋರಿಸಲಿ. ಸಂಶೋಧನಾ ವಿದ್ಯಾರ್ಥಿಗಳ ಯೂನಿಯನ್ ಇದ್ದರೆ ಅಲ್ಲಿಗೆ ಹೋದ ಮೊದಲ ವಾರವೇ ಸೇರಿಕೊಂಡು ಅವರ ನಂಬರ್ ಫೋನಿನಲ್ಲಿ ಇಟ್ಟುಕೊಳ್ಳಲಿ. ವೀಸಾ ಪ್ರಶ್ನೆ ಬಂದರೆ ವಲಸೆ ಕಾನೂನು ಗೊತ್ತಿರುವ ವಕೀಲರನ್ನೇ ಕೇಳಬೇಕು, ಗೆಳೆಯರನ್ನಲ್ಲ. ಮನೆಗೂ ಹೇಳಲಿ. ಎಷ್ಟೋ ಮಕ್ಕಳು ಅಪ್ಪ ಅಮ್ಮನಿಗೆ ಗಾಬರಿಯಾಗುತ್ತದೆ ಎಂದು ತಿಂಗಳುಗಟ್ಟಲೆ ಒಬ್ಬರೇ ನುಂಗಿಕೊಂಡದ್ದನ್ನು ನಾನು ನೋಡಿದ್ದೇನೆ.